ಹಸಿರು ಪರದೆಯಲ್ಲಿ ನೀಲಿ ಅಕ್ಷರ

ಉಡುಪಿ
೧೨ ಜೂನ್ ೧೯೮೭

ಪ್ರಿಯ ಜಲಾಲ್,

ಉಮಾನಾಥ ಡಾಕ್ಟರರ ನರ್ಸಿಂಗ್ ಹೋಮಿನಲ್ಲಿ ನಮ್ಮ ಪ್ರೋಗ್ರಾಮ್ ಬಂದು ಕೂತು ಮೂರು ತಿಂಗಳಾಯಿತು. ಮಣಿಪಾಲದ ಕೋರ್ಸಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂರಿಸಿದಾಗ ಕಾಪುವಿನ ನೀವೂ ಕಾರ್ಕಳದ ನಾನೂ ಕೀಬೋರ್ಡಿಗಾಗಿ ಜಗಳವಾಡುತ್ತಿದ್ದದ್ದು ಇಲ್ಲಿಗೆ ಬಂದು ಮುಟ್ಟುತ್ತದೆ ಎಂದು ಯಾರು ಎಣಿಸಿದ್ದರು! ಈಗ ನೀವು ದುಬಾಯಿಯ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಬರೆಯುತ್ತೀರಿ, ನಾನು ಇಲ್ಲಿ ಅದನ್ನು ನಡೆಸುತ್ತೇನೆ. ರೋಗಿಯ ಹೆಸರು, ವಯಸ್ಸು, ಕಾಯಿಲೆ ಹಾಕಿದರೆ ಯಾವ ಮದ್ದು ಎಷ್ಟು ಕೊಡಬೇಕೆಂಬ ಚೀಟಿ ಅಚ್ಚಾಗಿ ಬರುತ್ತದೆ. ಡಾಕ್ಟರರು ಸಹಿ ಹಾಕುತ್ತಾರೆ. ಮೊದಮೊದಲು ಯಂತ್ರವನ್ನು ಮುಟ್ಟಲು ಹೆದರುತ್ತಿದ್ದ ಸಿಸ್ಟರುಗಳು ಈಗ ಕರೆಂಟು ಹೋದರೆ ಗೊಣಗುತ್ತಾರೆ.

ಒಂದು ತಪ್ಪು ಸಿಕ್ಕಿದೆ. ವಯಸ್ಸಿನ ಪಕ್ಕದಲ್ಲಿ ವರ್ಷವಾದರೆ ವೈ, ತಿಂಗಳಾದರೆ ಎಂ ಎಂದು ಒಂದು ಇಂಗ್ಲಿಷ್ ಅಕ್ಷರ ಬರುತ್ತದಲ್ಲ? ಎಂ ಹಾಕಿದ ಮೇಲೆ ಹೆಸರು ತಿದ್ದಲೆಂದು ಮೇಲಿನ ಸಾಲಿಗೆ ಹೋದರೆ, ಆ ಎಂ ತನ್ನಷ್ಟಕ್ಕೇ ವೈ ಆಗುತ್ತದೆ. ಐದು ತಿಂಗಳ ಮಗು ಐದು ವರ್ಷದ್ದಾಗುತ್ತದೆ, ಮದ್ದಿನ ಪ್ರಮಾಣವೂ ಹಾಗೆಯೇ ಏರುತ್ತದೆ. ಆಲಿಸ್ ಸಿಸ್ಟರ್ ಪರದೆ ನೋಡಿ ಹಿಡಿದರು. "ಎಂತ ಗ್ಲ್ಯಾಡಿಸ್, ನಿಮ್ಮ ಕಂಪ್ಯೂಟರಿನಲ್ಲಿ ಮಕ್ಕಳು ಇಷ್ಟು ಬೇಗ ಬೆಳೆಯುವುದಾ?" ಎಂದು ನಗಾಡಿದರು. ನನಗೆ ನಗು ಬರಲಿಲ್ಲ. "ಹೆಸರು ತಿದ್ದಿದರೆ ವಯಸ್ಸನ್ನು ಮತ್ತೊಮ್ಮೆ ನೋಡಿ" ಎಂದು ರಟ್ಟಿನ ತುಂಡಿನ ಮೇಲೆ ಬರೆದು ಮಾನಿಟರಿಗೆ ಅಂಟಿಸಿದ್ದೇನೆ.

ತಿದ್ದಲು ಬೇಕಾದ ಮೂಲ ಪ್ರೋಗ್ರಾಮ್ ನಿಮ್ಮಲ್ಲಿಯೇ ಇರುವುದರಿಂದ ಇಲ್ಲಿ ನನ್ನ ಕೈ ಕಟ್ಟಿದೆ. ಬೇರೆಲ್ಲ ಬಿಟ್ಟು ಇದನ್ನು ಮೊದಲು ಸರಿ ಮಾಡಿ ಕಳುಹಿಸಿ.

ಗ್ಲ್ಯಾಡಿಸ್


ದುಬಾಯಿ
೩೦ ಜೂನ್ ೧೯೮೭

ಪ್ರಿಯ ಗ್ಲ್ಯಾಡಿಸ್,

ನಿಮ್ಮ ಪತ್ರ ಬಂದ ವಾರವೇ ನಮ್ಮ ಅಂಗಡಿಗೆ ಬಣ್ಣದ ಮಾನಿಟರ್ ಬಂತು. ಶುಕ್ರವಾರ ರಜೆ, ರೂಮಿನವರೆಲ್ಲ ಪೇಟೆಗೆ ಹೋದರು. ನಾನು ಧಣಿಯ ಹತ್ತಿರ ಬೀಗದ ಕೈ ಕೇಳಿ ತಂದು ಇಡೀ ದಿನ ಅದರ ಮುಂದೆಯೇ ಕೂತೆ. ಏನು ಹೇಳಲಿ! ನೀಲಿ ಉಂಟು, ಕೆಂಪು ಉಂಟು, ನಮ್ಮ ಊರಿನ ಗದ್ದೆಯ ಹಸಿರು ಉಂಟು. ನಮ್ಮ ಪ್ರೋಗ್ರಾಮಿಗೆ ಪೂರ್ತಿ ಹೊಸ ರೂಪ ಕೊಡಲು ಶುರುಮಾಡಿದ್ದೇನೆ. ತೆರೆದ ಕೂಡಲೇ ಡಾಕ್ಟರರ ಹೆಸರು ದೊಡ್ಡ ಅಕ್ಷರದಲ್ಲಿ ಮೂಡುತ್ತದೆ. ಸುತ್ತಲೂ ಜೋಡಿಗೆರೆಯ ಚೌಕಟ್ಟು. ಬೇಕಾದದ್ದನ್ನು ಬಾಣದ ಗುಂಡಿಯಿಂದಲೇ ಆರಿಸಬಹುದು.

ಒಳಗಿನದ್ದು ಯಾರಿಗೂ ಕಾಣುವುದಿಲ್ಲ ಮಾರಾಯ್ರೇ. ಡಾಕ್ಟರುಗಳು ನೋಡುವುದು ಪರದೆಯನ್ನು. ಕಳೆದ ರಜೆಯಲ್ಲಿ ಕುಂದಾಪುರದ ಒಬ್ಬರಿಗೆ ತೋರಿಸಿದಾಗ "ಇದೆಂತ, ಟೆಲಿಗ್ರಾಮಿನ ಹಾಗೆ ಉಂಟು" ಎಂದು ಎದ್ದು ಹೋದರು. ಉಮಾನಾಥ ಡಾಕ್ಟರರೂ ನನಗೆ ಬರೆದಿದ್ದಾರೆ, ಹೊಸ ಹಾಲ್ ಉದ್ಘಾಟನೆಗೆ ಮೊದಲು ಏನಾದರೂ ಚಂದ ಮಾಡಿಕೊಡಿ ಎಂದು.

ಕಾಪುವಿನಲ್ಲಿ ಉಮ್ಮನಿಗೆ ಮಾತು ಕೊಟ್ಟಿದ್ದೇನೆ, ಇನ್ನೆರಡು ವರ್ಷದಲ್ಲಿ ಬಂದು ಉಡುಪಿಯಲ್ಲೇ ಅಂಗಡಿ ಇಡುತ್ತೇನೆಂದು. ಈ ಪ್ರೋಗ್ರಾಮ್ ಹತ್ತು ಕಡೆ ಹೋದರೆ ಅದು ಆದೀತು. ನಿಮಗೂ ಆಗ ಡಾಕ್ಟರರ ಕೈಕೆಳಗೆ ದುಡಿಯುವ ಕಷ್ಟ ತಪ್ಪುತ್ತದೆ.

ವೈ-ಎಂ ವಿಷಯ ನೋಡುತ್ತೇನೆ. ಹೇಗೂ ರಟ್ಟು ಅಂಟಿಸಿದ್ದೀರಲ್ಲ, ಅವಸರವಿಲ್ಲ.

ಜಲಾಲ್


ಉಡುಪಿ
೨೨ ಜುಲೈ ೧೯೮೭

ಪ್ರಿಯ ಜಲಾಲ್,

ನನ್ನ ಪತ್ರವನ್ನು ನೀವು ಪೂರ್ತಿ ಓದಿದ್ದೀರಾ? ಆ ರಟ್ಟು ಫ್ಯಾನಿನ ಗಾಳಿಗೆ ಬಿದ್ದು ಹೋಗುತ್ತದೆ. ಬಿದ್ದದ್ದನ್ನು ಆಲಿಸ್ ಸಿಸ್ಟರ್ ನೋಡಿ ಮತ್ತೆ ಅಂಟಿಸುತ್ತಾರೆ. ಮುಂದಿನ ತಿಂಗಳು ಅವರು ಮಸ್ಕತ್ತಿಗೆ ಹೋಗುತ್ತಾರೆ, ವೀಸಾ ಬಂದಿದೆ. ಅವರ ಜಾಗಕ್ಕೆ ಬರುವವಳು ಈಗಷ್ಟೇ ಕಲಿತು ಹೊರಬಿದ್ದ ಹುಡುಗಿ. ಕಂಪ್ಯೂಟರ್ ಹೇಳಿದ್ದನ್ನು ಅವಳು ಡಾಕ್ಟರರ ಮಾತಿಗಿಂತ ಹೆಚ್ಚು ನಂಬುತ್ತಾಳೆ.

ಚಂದ ಬೇಡ ಎಂದು ನಾನು ಹೇಳುವುದಿಲ್ಲ. ದಿನವಿಡೀ ಅದರ ಮುಂದೆ ಕೂರುವವಳು ನಾನು. ಕಣ್ಣಿಗೆ ಹಿತವಾದರೆ ಸಂತೋಷವೇ. ಆದರೆ ಚೌಕಟ್ಟು ಒಂದು ವರ್ಷ ತಡವಾಗಿ ಬಂದರೆ ಯಾರಿಗೂ ಏನೂ ಆಗುವುದಿಲ್ಲ. ಇದು ಮಳೆಗಾಲ, ವಾರ್ಡಿನಲ್ಲಿ ಮಕ್ಕಳು ತುಂಬಿದ್ದಾರೆ, ಗಡಿಬಿಡಿಯಲ್ಲಿ ಹೆಸರು ತಪ್ಪಿ ಬರೆಯುತ್ತಾರೆ, ತಿದ್ದುತ್ತಾರೆ. ಪ್ರತಿ ಸಲ ತಿದ್ದುವಾಗಲೂ ನಾನು ಎದ್ದು ಹೋಗಿ ವಯಸ್ಸನ್ನು ನೋಡಿ ಬರುತ್ತೇನೆ.

ನಿಮಗೆ ಪುರುಸೊತ್ತಿಲ್ಲದಿದ್ದರೆ ಮೂಲ ಪ್ರೋಗ್ರಾಮ್ ಕಳುಹಿಸಿ. ನಾನೇ ಸರಿ ಮಾಡುತ್ತೇನೆ. ಅಷ್ಟು ನನಗೂ ಬರುತ್ತದೆ, ನಿಮಗೆ ಗೊತ್ತುಂಟು.

ಗ್ಲ್ಯಾಡಿಸ್


ದುಬಾಯಿ
೨೪ ಆಗಸ್ಟ್ ೧೯೮೭

ಪ್ರಿಯ ಗ್ಲ್ಯಾಡಿಸ್,

ಈ ಪತ್ರವನ್ನೂ ಎರಡು ಫ್ಲಾಪಿಗಳನ್ನೂ ತರುವವನು ನನ್ನ ಚಿಕ್ಕಮ್ಮನ ಮಗ ಯೂಸುಫ್. ಹೊಸ ವರ್ಷನ್ ಪೂರ್ತಿಯಾಯಿತು. ಹಾಕಿ ನೋಡಿ, ಆಮೇಲೆ ನನ್ನನ್ನು ಬೈಯಿರಿ. ಹಳೆಯ ಪರದೆಯಲ್ಲಿ ಎಲ್ಲವೂ ಒಟ್ಟೊಟ್ಟಿಗೆ ಕಣ್ಣಿಗೆ ಹೊಡೆಯುತ್ತಿತ್ತು. ಈಗ ಮುಖ್ಯವಾದದ್ದು ಬಿಳಿಯಲ್ಲಿ, ಉಳಿದ ಸಣ್ಣಪುಟ್ಟದ್ದು ತೆಳು ನೀಲಿಯಲ್ಲಿ ಬರುತ್ತದೆ. ಚೀಟಿಯನ್ನೂ ಚೊಕ್ಕ ಮಾಡಿದ್ದೇನೆ. ಬೇಡದ ಅಕ್ಷರಗಳನ್ನೆಲ್ಲ ತೆಗೆದೆ.

ನೀವು ಹೇಳಿದ ತಪ್ಪನ್ನೂ ನೋಡಿದ್ದೇನೆ.

ಉದ್ಘಾಟನೆಯ ದಿನ ಫೋಟೋ ತೆಗೆಯುವಾಗ ಆ ರಟ್ಟು ಇರಬಾರದೆಂದು ಡಾಕ್ಟರರು ಬರೆದಿದ್ದಾರೆ. ದಯವಿಟ್ಟು ತೆಗೆಯಿರಿ.

ಮೂಲ ಪ್ರೋಗ್ರಾಮ್ ನನ್ನ ಬಳಿಯೇ ಇರಲಿ. ತಪ್ಪು ತಿಳಿಯಬೇಡಿ. ಇಲ್ಲಿ ನನ್ನದೆಂದು ಇರುವುದು ಅದೊಂದೇ.

ಜಲಾಲ್


ಉಡುಪಿ
೧೦ ಸೆಪ್ಟೆಂಬರ್ ೧೯೮೭

ಪ್ರಿಯ ಜಲಾಲ್,

ನಿಮ್ಮ ಮೇಲೆ ಎಷ್ಟು ಸಿಟ್ಟಾಗಿದ್ದೆನೆಂದರೆ ಯೂಸುಫ್‌ಗೆ ಒಂದು ಲೋಟ ಚಾ ಕೊಡಲೂ ಮರೆತೆ. ಅವರಿಗೆ ನನ್ನ ಪರವಾಗಿ ಕ್ಷಮೆ ಹೇಳಿ.

ಉದ್ಘಾಟನೆಯ ಸಭೆ ಚೆನ್ನಾಗಿ ಆಯಿತು. ಯೂಸುಫ್ ಬಂದದ್ದೇ ಸಭೆಯ ದಿನ ಬೆಳಿಗ್ಗೆ. ನಾನು ಫ್ಲಾಪಿ ಹಾಕುವಾಗ ಡಾಕ್ಟರರು ಬೆನ್ನ ಹಿಂದೆಯೇ ನಿಂತಿದ್ದರು. ಪರೀಕ್ಷೆ ಮಾಡಲು ಒಂದು ದಿನ ಬೇಕೆಂದೆ. "ಬರೆದವರೇ ಸರಿ ಉಂಟು ಅಂತ ಹೇಳಿದ ಮೇಲೆ ನಿನಗೆಂತ ಪರೀಕ್ಷೆ?" ಎಂದರು. ನಿಮ್ಮ ಮಾತು ಇತ್ತಲ್ಲ, ನಾನೂ ಸುಮ್ಮನಾದೆ. ಬಂದವರೆಲ್ಲ ಪರದೆಯ ಮುಂದೆ ಸಾಲುಗಟ್ಟಿದರು. ಪಡುಬಿದ್ರಿಯಿಂದ ಬಂದ ಡಾಕ್ಟರರೊಬ್ಬರು ತಮಗೂ ಬೇಕೆಂದು ಅಲ್ಲೇ ಹೇಳಿದರು.

ಒಂದು ವಿಷಯಕ್ಕೆ ನಿಮ್ಮನ್ನು ಮೆಚ್ಚಲೇಬೇಕು. ವೈ-ಎಂ ಅಕ್ಷರ ಈಗ ಪರದೆಯಲ್ಲಿಯೇ ಇಲ್ಲ! ಗುಂಡಿ ಒತ್ತಿದರೆ ಒಳಗೊಳಗೇ ಲೆಕ್ಕ ಹಾಕಿಕೊಳ್ಳುವಂತೆ ಮಾಡಿದ್ದೀರಿ, ಅಲ್ವಾ? ನಾನಾಗಿದ್ದರೆ ಬರೀ ತಪ್ಪನ್ನು ತಿದ್ದುತ್ತಿದ್ದೆ. ನೀವು ತಪ್ಪಾಗುವ ಜಾಗವನ್ನೇ ತೆಗೆದಿರಿ. ರಟ್ಟನ್ನು ಹರಿದು ಬಿಸಾಡಿದೆ. ತಿಂಗಳುಗಳ ನಂತರ ನೆಮ್ಮದಿಯಿಂದ ಕಾರ್ಕಳಕ್ಕೆ ಹೋಗಿ ಅಮ್ಮನೊಡನೆ ಎರಡು ದಿನ ಇದ್ದು ಬಂದೆ.

ಗ್ಲ್ಯಾಡಿಸ್


ದುಬಾಯಿ
೫ ಅಕ್ಟೋಬರ್ ೧೯೮೭

ಪ್ರಿಯ ಗ್ಲ್ಯಾಡಿಸ್,

ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ನಿಮ್ಮ ಬಾಯಿಯಿಂದ ಹೊಗಳಿಕೆ ಕೇಳುವುದು ಸುಲಭವಲ್ಲ, ಕೋರ್ಸಿನಲ್ಲಿದ್ದಾಗಿನಿಂದ ಗೊತ್ತು. ಕುಂದಾಪುರದವರೂ ಒಪ್ಪಿದ್ದಾರೆ. ಪಡುಬಿದ್ರಿಗೆ ಯೂಸುಫ್ ಹೋಗಿ ಹಾಕಿ ಬರುತ್ತಾನೆ, ನೀವು ದಣಿಯಬೇಡಿ.

ಬಣ್ಣಗಳ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಆ ತೆಳು ನೀಲಿಯನ್ನು ಹದಕ್ಕೆ ತರಲು ನನಗೆ ಮೂರು ಶುಕ್ರವಾರ ಬೇಕಾಯಿತು.

ಕಾಪುವಿನ ಕಡೆ ಹೋದರೆ ಉಮ್ಮನನ್ನು ನೋಡಿ ಬನ್ನಿ. ಖದೀಜಮ್ಮನ ಮನೆ ಎಂದರೆ ಪೇಟೆಯಲ್ಲಿ ಯಾರಾದರೂ ತೋರಿಸುತ್ತಾರೆ. ನಿಮ್ಮ ಬಗ್ಗೆ ಬರೆದಿದ್ದೇನೆ.

ಜಲಾಲ್


ಉಡುಪಿ
೧೮ ಫೆಬ್ರವರಿ ೧೯೮೮

ಜಲಾಲ್,

ಸೋಮವಾರ ಕುಕ್ಕುಂದೂರಿನಿಂದ ಅಕ್ಕು ಎಂಬವರು ನರ್ಸಿಂಗ್ ಹೋಮಿಗೆ ಬಂದಿದ್ದರು. ಬೀಡಿ ಕಟ್ಟುವವರು. ಗಂಡ ಶೀನ ಬೊಂಬಾಯಿಯ ಹೋಟೆಲಿನಲ್ಲಿದ್ದಾರೆ. ಸೊಂಟದಲ್ಲಿ ವರ್ಷ ತುಂಬುತ್ತಿರುವ ಹೆಣ್ಣು ಮಗು. ಅಕ್ಟೋಬರ್ ಕೊನೆಯಲ್ಲಿ ಆ ಮಗುವಿಗೆ ಜ್ವರ ಬಿಡದೆ ಇಲ್ಲಿ ಮಲಗಿಸಿದ್ದರು. ದಿನವೂ ಇಂಜೆಕ್ಷನ್ ಕೊಟ್ಟರು, ಜ್ವರ ಇಳಿಯಿತು, ಕೈ ಮುಗಿದು ಹೋದರು.

ಜನವರಿಯಲ್ಲಿ ಒಂದು ದಿನ ಅಕ್ಕುವಿನ ಕೈಯಿಂದ ಹಿತ್ತಾಳೆಯ ಕೊಡಪಾನ ಜಾರಿ ನೆಲಕ್ಕೆ ಬಿತ್ತಂತೆ. ಶಬ್ದಕ್ಕೆ ಪಕ್ಕದ ಮನೆಯವರು ಓಡಿ ಬಂದರು. ಅಲ್ಲೇ ಬೆನ್ನು ಹಾಕಿ ಕೂತಿದ್ದ ಮಗು ಮಾತ್ರ ತಿರುಗಲಿಲ್ಲ, ಬೀಡಿಯೆಲೆಯನ್ನು ಹರಿಯುತ್ತ ಆಡುತ್ತಲೇ ಇತ್ತಂತೆ. ಮಣಿಪಾಲಕ್ಕೆ ಕೊಂಡುಹೋಗಿ ಪರೀಕ್ಷೆ ಮಾಡಿಸಿದರು. ಎರಡು ಕಿವಿಯ ನರವೂ ಸತ್ತಿದೆ, ಮೊದಲು ಯಾವ ಇಂಜೆಕ್ಷನ್ ಕೊಟ್ಟಿದ್ದರೆಂದು ಕೇಳಿ ಬನ್ನಿ ಎಂದು ಕಳುಹಿಸಿದರು.

"ಜ್ವರ ತಲೆಗೇರಿದರೆ ಹಾಗಾಗುವುದುಂಟು ಅಕ್ಕು" ಎಂದರು ನಮ್ಮ ಡಾಕ್ಟರರು. ಅಕ್ಕು ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತರು.

"ಮಗುವಿನ ಹೆಸರೇನು?" ಎಂದು ಕೇಳಿದೆ.

"ವಾರಿಜ. ಇಲ್ಲಿ ಸೇರಿಸುವಾಗ ಆ ಹುಡುಗಿ ಗಿರಿಜ ಅಂತ ಬರೆದಿದ್ದಳು. ನಾನು ಹೇಳಿದ ಮೇಲೆ ಸರಿ ಮಾಡಿದಳು."

ಅವರು ಹೋದ ಮೇಲೆ ಯಂತ್ರದ ಮುಂದೆ ಕೂತೆ. ಗಿರಿಜ ಎಂದು ಬರೆದೆ, ಎಂಟು ತಿಂಗಳು ಹಾಕಿದೆ, ಮೇಲೆ ಹೋಗಿ ವಾರಿಜ ಎಂದು ತಿದ್ದಿದೆ. ಚೀಟಿ ಬಂತು, ವಯಸ್ಸು ಬರೀ ಎಂಟು ಎಂದು. ಎಂಟು ವರ್ಷದ ಮಗುವಿಗೆ ಕೊಡುವಷ್ಟು ಇಂಜೆಕ್ಷನ್. ಅಷ್ಟನ್ನು ಎಳೆ ಮಗುವಿಗೆ ಬಿಡದೆ ಕೊಟ್ಟರೆ ಕಿವಿ ಹೋಗುತ್ತದೆಂದು ಯಾವ ಡಾಕ್ಟರರನ್ನು ಕೇಳಿದರೂ ಹೇಳುತ್ತಾರೆ. ಕೇಳಿದ್ದೇನೆ.

ಆಮೇಲೆ ಮಾನಿಟರಿನ ಬೆಳಕಿನ ತಿರುಪನ್ನು ಕೊನೆಯವರೆಗೆ ತಿರುಗಿಸಿ, ಕೈ ಅಡ್ಡ ಹಿಡಿದು ನೋಡಿದೆ. ವಯಸ್ಸಿನ ಪಕ್ಕದಲ್ಲಿ ಹೊಗೆಯ ಹಾಗೆ ಒಂದಕ್ಷರ ಕಂಡಿತು. ವೈ. ಅದು ಅಲ್ಲಿಯೇ ಇತ್ತು. ನಿಮ್ಮ ತೆಳು ನೀಲಿ! ನಮ್ಮದು ಹಸಿರು ಒಂದೇ ತೋರಿಸುವ ಮಾನಿಟರ್, ಜಲಾಲ್. ಇಲ್ಲಿ ನೀಲಿ ಎಂದರೆ ಕತ್ತಲೆ. ಹಳೆಯ ಪರದೆಯಲ್ಲಿ ತಪ್ಪು ಕಣ್ಣಿಗಾದರೂ ಬೀಳುತ್ತಿತ್ತು. ನೀವು ಅದನ್ನು ಹಾಗೆಯೇ ಬಿಟ್ಟು, ಕಾಣದಂತೆ ಮಾಡಿದಿರಿ.

ನೋಡಿದ್ದೇನೆ ಎಂದು ಬರೆದಿರಿ. ಅಕ್ಷರವನ್ನೇ ತೆಗೆದಿರಿ ಎಂದು ನಾನು ಹೆಡ್ಡಿಯಂತೆ ಹೊಗಳಿದಾಗಲಾದರೂ ಇಲ್ಲ ಎಂದು ಒಂದು ಸಾಲು ಬರೆಯಬಹುದಿತ್ತು. ಆಗಿನ್ನೂ ವಾರಿಜಳಿಗೆ ಜ್ವರ ಬಂದಿರಲಿಲ್ಲ.

ಸರಿ ಮಾಡಿದ್ದಿರೋ ಇಲ್ಲವೋ, ಅಷ್ಟು ಹೇಳಿ.

ಗ್ಲ್ಯಾಡಿಸ್


ದುಬಾಯಿ
೯ ಮಾರ್ಚ್ ೧೯೮೮

ಗ್ಲ್ಯಾಡಿಸ್,

ನೋಡಿದ್ದೇನೆ ಎಂದೆ, ಸರಿ ಮಾಡಿದ್ದೇನೆ ಎಂದು ಎಲ್ಲಿಯೂ ಬರೆದಿಲ್ಲ. ನನ್ನ ಪತ್ರ ತೆಗೆದು ನೋಡಿ. ಅದನ್ನು ತಿದ್ದಲು ವಯಸ್ಸಿನ ಭಾಗವನ್ನೇ ಬಿಚ್ಚಬೇಕಿತ್ತು. ಸಭೆಯ ದಿನ ಹತ್ತಿರ ಬಂದಿತ್ತು. ಮುಂದಿನ ವರ್ಷನಿನಲ್ಲಿ ಮಾಡೋಣ ಎಂದುಕೊಂಡೆ. ನೀವು ಹೊಗಳಿ ಬರೆದಾಗ ಏನು ಬರೆಯಬೇಕೆಂದು ತಿಳಿಯಲಿಲ್ಲ.

ಆದರೆ ಎಲ್ಲವನ್ನೂ ನನ್ನ ತಲೆಗೆ ಕಟ್ಟಬೇಡಿ. ಬಣ್ಣದ ಮಾನಿಟರ್ ತೆಗೆದುಕೊಳ್ಳಿ ಎಂದು ಡಾಕ್ಟರರಿಗೆ ಬರೆದಿದ್ದೆ, ಅವರು ಆ ದುಡ್ಡಿನಲ್ಲಿ ಹೊಸ ಹಾಲ್‌ನ ನೆಲಕ್ಕೆ ಕಲ್ಲು ಹಾಸಿಸಿದರು. ಸಹಿ ಅವರದ್ದು. ಸೂಜಿ ಹಿಡಿದವಳಿಗೆ ತನ್ನ ಮುಂದೆ ಮಲಗಿದ್ದು ಎಂಟು ತಿಂಗಳ ಮಗುವೋ ಎಂಟು ವರ್ಷದ್ದೋ ಎಂದು ಕಾಣುವುದಿಲ್ಲವೇ? ಪರೀಕ್ಷೆ ಮಾಡದೆ ಹಾಕಿದವರು ನೀವು. ಹಸಿರು ಪರದೆ ಎಂದು ನನಗೆ ನೆನಪು ಮಾಡಿದ್ದೀರಾ, ಒಂದು ಸಲವಾದರೂ?

ಸರಿ ಮಾಡಿದ ಫ್ಲಾಪಿ ಇದರೊಂದಿಗೆ ಉಂಟು. ಈಗಲೇ ಹಾಕಿ. ಕೂತು ಮಾಡಿದಾಗ ಅರ್ಧ ದಿನದ ಕೆಲಸವೂ ಇರಲಿಲ್ಲ.

ಆ ಮನೆಯವರಿಗೆ ಹೇಳಬೇಡಿ. ಹೇಳಿದರೆ ಕಿವಿ ಮರಳಿ ಬರುವುದಿಲ್ಲ. ಡಾಕ್ಟರರು ಮುಳುಗುತ್ತಾರೆ, ನೀವೂ ಮುಳುಗುತ್ತೀರಿ. ನಾನು ಇಲ್ಲಿಂದ ಯಾವ ಮುಖ ಹೊತ್ತು ಕಾಪುವಿಗೆ ಬರಲಿ?

ನಿದ್ದೆ ಬರುವುದಿಲ್ಲ ಎಂದು ಬರೆದರೆ ನೀವು ನಂಬುವುದಿಲ್ಲ. ಅದಕ್ಕೇ ಬರೆಯುವುದಿಲ್ಲ.

ಜಲಾಲ್


ಕಾರ್ಕಳ
೩ ಏಪ್ರಿಲ್ ೧೯೮೮

ಜಲಾಲ್,

ಹೇಳಬೇಡಿ ಎಂಬ ನಿಮ್ಮ ಪತ್ರ ತಲುಪುವ ಮೊದಲೇ ಕುಕ್ಕುಂದೂರಿಗೆ ಹೋಗಿ ಹೇಳಿದ್ದೆ. ಮೊದಲೇ ತಲುಪಿದ್ದರೂ ಹೋಗುತ್ತಿದ್ದೆ.

ಅಕ್ಕು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ತುಳುವಿನಲ್ಲಿಯೇ ಮಾತಾಡಿದೆವು. ನಾನು ಹೇಳಿ ಮುಗಿಸುವವರೆಗೂ ಅವರ ಕೈ ನಿಲ್ಲಲಿಲ್ಲ.

"ತಪ್ಪುಂಟು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಮಳೆಗಾಲ ಶುರುವಾಗುವಾಗಿನಿಂದ."

"ಮತ್ತೆ ಹೊಸದು ತಂದು ಹಾಕಿದ್ದು ಅಂದ್ರಲ್ಲ, ಅದರಲ್ಲಿ ಎಂತ ಮಾಡಿದ್ದು?"

"ಬಣ್ಣ ಹಾಕಿದ್ದು" ಎಂದೆ.

ಅವರು ಮಡಿಲಿನ ಮೊರವನ್ನು ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. "ಚಾ ಮಾಡುತ್ತೇನೆ" ಎಂದು ಒಳಗೆ ಹೋದರು, ಬಹಳ ಹೊತ್ತು ಬರಲಿಲ್ಲ. ವಾರಿಜ ನನ್ನ ಸೀರೆಯ ಅಂಚು ಹಿಡಿದು ಎದ್ದು ನಿಂತಳು, ಇನ್ನೇನು ನಡೆಯುತ್ತಾಳೆ. ಆಮೇಲೆ ಅಕ್ಕು ಬರಿಗೈಯಲ್ಲಿ ಬಾಗಿಲಿಗೆ ಬಂದು, "ನೀವಿನ್ನು ಹೋಗಿ. ನಿಮ್ಮನ್ನು ನೋಡಿದರೆ ನನಗೆ ಆಗುವುದಿಲ್ಲ" ಎಂದರು.

ಡಾಕ್ಟರರಿಗೂ ಹೇಳಿದೆ. "ನನ್ನ ಅನ್ನ ತಿಂದು ನನ್ನ ಮೇಲೆಯೇ ಊರವರನ್ನು ಎಬ್ಬಿಸುವುದಾ ನೀನು?" ಎಂದು ಎಲ್ಲರ ಎದುರು ಕೂಗಿ ಹೊರಗೆ ಹಾಕಿದರು. ಸರಿ ಮಾಡಿದ ಫ್ಲಾಪಿಯನ್ನು ಅದಕ್ಕೆ ಮೊದಲೇ ಹಾಕಿ ಆಗಿತ್ತು. ಈಗ ಅಮ್ಮನ ಮನೆಯಲ್ಲಿದ್ದೇನೆ.

ಪರೀಕ್ಷೆ ಮಾಡದೆ ಹಾಕಿದೆ, ನಿಜ. ಅದನ್ನು ನೀವು ನೆನಪಿಸಬೇಕಾಗಿಲ್ಲ. ಅರ್ಧ ದಿನದ ಕೆಲಸವೂ ಇರಲಿಲ್ಲ ಎಂಬ ನಿಮ್ಮ ಮಾತನ್ನು ಮಾತ್ರ ಎಷ್ಟು ಓದಿದರೂ ನನಗೆ ನುಂಗಲಾಗುವುದಿಲ್ಲ. ನೀಲಿಗೆ ಮೂರು ಶುಕ್ರವಾರ ಕೊಟ್ಟಿರಿ.

ಕುಂದಾಪುರ, ಪಡುಬಿದ್ರಿಗಳಿಗೆ ಇಂದೇ ತಂತಿ ಕೊಡಿ. ಯಂತ್ರವನ್ನು ನಿಲ್ಲಿಸಲು ಹೇಳಿ, ಯಾಕೆಂದೂ ಹೇಳಿ. ಅಲ್ಲಿಯೂ ಹಸಿರು ಮಾನಿಟರುಗಳೇ.

ಗ್ಲ್ಯಾಡಿಸ್


ಕಾರ್ಕಳ
೧೧ ಮೇ ೧೯೮೮

ತಂತಿ ಕೊಟ್ಟಿರಾ?

ಗ್ಲ್ಯಾಡಿಸ್


ಕಾರ್ಕಳ
೨೦ ಜೂನ್ ೧೯೮೮

ಜಲಾಲ್, ಪಡುಬಿದ್ರಿಯವರಿಗೆ ಫೋನ್ ಮಾಡಿದೆ. ಅವರಿಗೆ ಯಾವ ತಂತಿಯೂ ಬಂದಿಲ್ಲ. ನಾನು ಹೇಳಿದರೆ, ಕೆಲಸದಿಂದ ತೆಗೆದದ್ದಕ್ಕೆ ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎನ್ನುತ್ತಾರೆ. ಹಾಗೆಂದು ಅವರಿಗೆ ಯಾರು ತಿಳಿಸಿದರು?

ಗ್ಲ್ಯಾಡಿಸ್


ದುಬಾಯಿ
೨ ಆಗಸ್ಟ್ ೧೯೮೮

ಗ್ಲ್ಯಾಡಿಸ್ ಅವರಿಗೆ,

ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ಎಲ್ಲ ಕಡೆಗೂ ಈಗ ಮೂರನೆಯ ವರ್ಷನ್ ಹೋಗಿದೆ. ನೀವು ಹೇಳಿದ ತಿದ್ದುಪಡಿ ಅದರಲ್ಲಿ ಸೇರಿದೆ. ಜೊತೆಗೆ ಕಳುಹಿಸಿದ ವಿವರಣೆಯಲ್ಲಿ ಅದನ್ನು ಹೆಸರಿಸಿಲ್ಲ. ಹೊಸ ಬಣ್ಣಗಳು, ಹೊಸ ಚೌಕಟ್ಟು, ತೆರೆಯುವಾಗಿನ ಚಿತ್ರ, ಇವನ್ನಷ್ಟೇ ಹೇಳಿದ್ದೇನೆ. ತಪ್ಪನ್ನು ಸರಿ ಮಾಡಿದ್ದೇನೆ ಎಂದು ಅಚ್ಚು ಹಾಕಿಸಿದರೆ ತಪ್ಪಿತ್ತು ಎಂದು ನಾನೇ ಸಾರಿದಂತಾಗುತ್ತದೆ. ಇನ್ನು ಯಾವ ಮಗುವಿಗೂ ಹಾಗಾಗುವುದಿಲ್ಲ. ನೀವು ಕೇಳಿದ್ದು ಅದನ್ನೇ ಅಲ್ಲವೇ?

ಉಮಾನಾಥ ಡಾಕ್ಟರರು ಬಣ್ಣದ ಮಾನಿಟರ್ ತರಿಸಿದ್ದಾರೆ. ಬಹಳ ಮೆಚ್ಚಿದ್ದಾರೆ. ಉಡುಪಿಯ ಕೆಲಸವನ್ನು ಸದ್ಯಕ್ಕೆ ಯೂಸುಫ್ ನೋಡುತ್ತಾನೆ. ಹೊಟ್ಟೆಕಿಚ್ಚಿನ ಮಾತು ಅವನು ಆಡಿದ್ದು, ನಾನು ಹೇಳಿಸಿದ್ದಲ್ಲ. ಅಲ್ಲಗಳೆಯಲೂ ಹೋಗಲಿಲ್ಲ.

ಜನವರಿಯಲ್ಲಿ ಬರುತ್ತೇನೆ, ಅಂಬಲಪಾಡಿಯಲ್ಲಿ ಅಂಗಡಿಗೆ ಜಾಗ ಗೊತ್ತಾಗಿದೆ. ಪ್ರೋಗ್ರಾಮ್ ಅರ್ಧ ನಿಮ್ಮದು ಎಂಬುದನ್ನು ನಾನು ಮರೆತಿಲ್ಲ. ನಿಮ್ಮ ಮೇಜು ಅಲ್ಲಿರುತ್ತದೆ. ಹಿಂದಿನದ್ದನ್ನು ಬಿಟ್ಟು ಬನ್ನಿ.

ಜಲಾಲ್


ಕಾರ್ಕಳ
೧೬ ಅಕ್ಟೋಬರ್ ೧೯೮೮

ಜಲಾಲ್,

ನಿಮ್ಮ ಮೇಜು ನನಗೆ ಬೇಡ. ಇಲ್ಲಿ ಟೈಪಿಂಗ್ ಕಲಿಸುತ್ತೇನೆ, ಸಾಕಾಗುತ್ತದೆ.

ಇನ್ನು ಯಾವ ಮಗುವಿಗೂ ಆಗುವುದಿಲ್ಲ ಎಂದು ಬರೆದಿದ್ದೀರಿ. ಆಗಿಹೋದ ಮಕ್ಕಳು ಎಷ್ಟು ಎಂದು ನೀವು ಕೇಳಿಕೊಂಡಂತೆ ಕಾಣುವುದಿಲ್ಲ. ಎರಡನೆಯ ವರ್ಷನ್ ಪಡುಬಿದ್ರಿಯಲ್ಲಿ ಕಳೆದ ಅಕ್ಟೋಬರಿನಿಂದ ಈ ಮಳೆಗಾಲದ ನಡುವಿನವರೆಗೂ ನಡೆದಿದೆ. ಚಿಕ್ಕ ಮಕ್ಕಳಿಗೆ ಕಿವಿ ಕೇಳದಿದ್ದರೆ ಮನೆಯವರಿಗೆ ಗೊತ್ತಾಗಲು ತಿಂಗಳುಗಳು ಬೇಕು. ಬೇಗ ಗೊತ್ತಾದರೆ ಕಲಿಸುವ ದಾರಿಗಳುಂಟು ಎಂದು ಮಣಿಪಾಲದಲ್ಲಿ ಹೇಳುತ್ತಾರೆ. ಅಕ್ಕು ಈಗ ವಾರಕ್ಕೊಮ್ಮೆ ವಾರಿಜಳನ್ನು ಅಲ್ಲಿಗೆ ಕೊಂಡುಹೋಗುತ್ತಾರೆ. ಬಸ್ಸಿನಲ್ಲಿ ಸಿಕ್ಕಿದರೆ ಮುಖ ತಿರುಗಿಸುತ್ತಾರೆ.

ನಿನ್ನೆ ಪಡುಬಿದ್ರಿಗೆ ಹೋಗಿದ್ದೆ. ಕಳೆದ ಒಂದು ವರ್ಷದಲ್ಲಿ ಇಂಜೆಕ್ಷನ್ ತೆಗೆದುಕೊಂಡ ಮಕ್ಕಳನ್ನು ಕರೆಸಿ ನೋಡಿ ಎಂದು ಡಾಕ್ಟರರನ್ನು ಬೇಡಿಕೊಂಡೆ. ಅವರು ನನ್ನನ್ನು ಕೂರಲೂ ಹೇಳಲಿಲ್ಲ. ಹೊರಗೆ ಬರುವಾಗ ಕಂಪ್ಯೂಟರಿನ ಮುಂದೆ ಕೂತ ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿ, "ಹೊಸತು ಬಂದದ್ದು ಮೇಡಂ, ಎಷ್ಟು ಚಂದ ಉಂಟು ನೋಡಿ" ಎಂದಳು. ಹೌದು, ಚಂದ ಉಂಟು.

ಹೊರಗಿನ ಬೆಂಚಿನಲ್ಲಿ ತಾಯಂದಿರು ಸಾಲಾಗಿ ಕೂತಿದ್ದರು. ಮೊದಲನೆಯವರ ಹೆಗಲ ಮೇಲೆ ಒಂದು ಮಗು ಆ ಕಡೆ ಮುಖ ಮಾಡಿ ಗೋಡೆ ನೋಡುತ್ತಿತ್ತು. ಅದರ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ತಾಯಿ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ಮಗು ತಿರುಗಿತು.

ಅವರ ಪಕ್ಕದಲ್ಲಿ ಇನ್ನೊಬ್ಬರು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ನಾನು ಅವರ ಹಿಂದೆ ಹೋಗಿ ನಿಂತೆ.

ಗ್ಲ್ಯಾಡಿಸ್